ಮೀಸಲು ನೀರು ಕೇಳಿದವರ ಊರಿಗೆ

ಬೆಳಿಗ್ಗೆ ಮನೆ ಬಿಡುವಾಗ ಬಸವೇಶ್ವರನಗರದಲ್ಲಿ ಇನ್ನೂ ಚಳಿ ಇತ್ತು. ಡಿಸೆಂಬರಿನ ಮೊದಲ ವಾರ. ಎದುರು ಮನೆಯವರು ಮಫ್ಲರ್ ಸುತ್ತಿಕೊಂಡು ಹಾಲಿನ ಪ್ಯಾಕೆಟ್ ತರಲು ಹೊರಟಿದ್ದರು. ನಮ್ಮ ಯಜಮಾನರು ಗೇಟಿನ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ನನ್ನ ಪೆಟ್ಟಿಗೆಯನ್ನು ಎತ್ತಿಕೊಟ್ಟು, "ನಾಗೂ, ರಿಟೈರ್ ಆದ್ಮೇಲೂ ಇದೇನೇ ನಿಂಗೆ?" ಎಂದರು. ಪೆಟ್ಟಿಗೆಯಲ್ಲಿ ನೀರು ಹಿಡಿಯುವ ಬಾಟಲಿಗಳು, ಹಗ್ಗ ಕಟ್ಟಿದ ಸ್ಟೀಲಿನ ಕ್ಯಾನು, ಪರೀಕ್ಷೆಗೆ ಬೇಕಾದ ಎರಡು ರಾಸಾಯನಿಕದ ಸೀಸೆಗಳು ಇದ್ದವು.

ಆ ಪೆಟ್ಟಿಗೆ ನಮ್ಮ ಮನೆಯ ಹೊಸಿಲು ದಾಟಿದ್ದೇ ಇಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಒಂದು ಸಂಜೆ ಕೊಳಚೆ ನೀರಿನ ಬಾಟಲಿ ಹಿಡಿದು ಬಂದವಳನ್ನು ಅತ್ತೆ ಗೇಟಿನಲ್ಲೇ ನಿಲ್ಲಿಸಿದರು. ಬೈಯಲಿಲ್ಲ. ಒಂದು ಬಕೆಟ್ ನೀರು, ಚೊಂಬು ತಂದಿಟ್ಟು, "ಪೆಟ್ಟಿಗೆ ಅಲ್ಲೇ ಇರ್ಲಿ ಕಣಮ್ಮಾ. ನೀನು ಕಾಲು ತೊಳ್ಕೊಂಡು ಹಿತ್ಲಿಂದ ಬಾ, ಸ್ನಾನ ಮಾಡ್ಬಿಡು" ಎಂದರು. ಅಂದಿನಿಂದ ಅದೇ ಪದ್ಧತಿ. ಅತ್ತೆ ತೀರಿಹೋಗಿ ವರ್ಷಗಳಾದವು, ಪೆಟ್ಟಿಗೆ ಮಾತ್ರ ಇವತ್ತಿಗೂ ಚಪ್ಪಲಿಗಳ ಜೊತೆಗೇ ಇದೆ. ಅದು ನನಗೂ ಸರಿಯೆನಿಸಿತ್ತು. ಅದರೊಳಗೆ ಏನಿರುತ್ತದೆ ಎಂಬುದು ಅತ್ತೆಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಆ ದಿನ ನಾನು ಹೊರಟಿದ್ದು ಕೆಂಗೇರಿಯ ಆಚೆಗಿನ ಒಂದು ಹಳೆಯ ಊರಿಗೆ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಸೈಟಿನ ರೇಟು ಬಿದ್ದುಹೋಗುತ್ತದೆ ಎಂದು ಅಲ್ಲಿನ ಕೆಂಪರಾಜು ಕೈಮುಗಿದು ಕೇಳಿಕೊಂಡಿದ್ದಾರೆ. ಅವರದು ಹಾರ್ಡ್‌ವೇರ್ ಅಂಗಡಿ; ಹಿಂದೆ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳು. ಅವರ ಊರಿನ ಕೆರೆಯ ಬದಿಯಲ್ಲಿ, ನೀರಿನ ವಿಜ್ಞಾನಿಯಾಗಿ ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ, ಕೊಳಚೆ ನೀರನ್ನು ತಿಳಿಗೊಳಿಸುವ ಒಂದು ಸಣ್ಣ ಘಟಕ ಕಟ್ಟಿಸಿದ್ದೆ. ಬಡಾವಣೆಗಳಿಂದ ಬರುವ ಮೋರಿ ನೀರು ಜಲ್ಲಿ, ಮರಳು, ಜೊಂಡುಹುಲ್ಲಿನ ಹೊಂಡಗಳನ್ನು ದಾಟಿ ಕೆರೆಗೆ ಇಳಿಯುತ್ತದೆ.

ಹಿಂದಿನ ದಿನ ಕೆಂಪರಾಜು ಫೋನ್ ಮಾಡಿದ್ದರು. ಕೆರೆ ಏರಿಯ ಮೇಲಿನ ಗಂಗಮ್ಮನ ಗುಡಿಯ ರಿಪೇರಿ ಮುಗಿದಿತ್ತು. ಶುಕ್ರವಾರ ಕಳಸ ಇಡುವುದು. ಕಳಸಕ್ಕೆ ಐದು ಜನ ಹೆಂಗಸರು ಬಿಂದಿಗೆಯಲ್ಲಿ ಮೀಸಲು ನೀರು ತರಬೇಕು. ಮೀಸಲು ಎಂದರೆ ಯಾರೂ ಬಳಸದ, ಕಾಯಿಸದ, ಊರಿನದೇ ನೀರು. ಹಿಂದಿನ ದಿನವೇ ಆ ನೀರಿಗೆ ವೀಳ್ಯ ಕೊಟ್ಟು "ನಾಳೆ ಬಾರಮ್ಮ" ಎಂದು ಕರೆಯುವುದು ಅವರ ಕಡೆಯ ಪದ್ಧತಿ. ಮೊದಲು ಊರ ಹಳ್ಳದ ನೀರನ್ನೇ ತರುತ್ತಿದ್ದರು; ಅದು ಕಪ್ಪಾದ ಮೇಲೆ ಬೋರ್‌ವೆಲ್ಲಿನಿಂದ ತಂದರು. ಬೋರ್‌ವೆಲ್ ಬತ್ತಿದ ಮೇಲೆ ಕ್ಯಾನ್ ನೀರು. ಈಗ ಅವರ ದೊಡ್ಡವ್ವ ಪುಟ್ಟತಾಯಮ್ಮ ಹಟ ಹಿಡಿದಿದ್ದರು, ಮೀಸಲು ನೀರು ನನ್ನ ಘಟಕದಿಂದಲೇ ತರಬೇಕೆಂದು.

"ಮೋರಿ ನೀರನ್ನ ದೇವ್ರಿಗೆ ಇಡೋದಾ ಅಂತ ಊರೋರೆಲ್ಲ ಕೇಳ್ತಾವ್ರೆ ಮೇಡಂ. ದೊಡ್ಡವ್ವ ಕೇಳ್ತಿಲ್ಲ. ಆ ಮೇಡಮ್ಮ ಬಂದು ಹೇಳ್ಲಿ ಅಂತವ್ರೆ. ನೀವು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ನಾಳೆ ವೀಳ್ಯ ಕೊಡೋದ್ರೊಳಗೆ ಬಂದ್ಬಿಡಿ" ಎಂದರು ಕೆಂಪರಾಜು.

ಇಷ್ಟು ವರ್ಷ ನನ್ನ ಕೆಲಸವನ್ನು ಸಮಿತಿಗಳು ಪರಿಶೀಲಿಸಿವೆ, ವಿದೇಶದ ಸಭೆಗಳಲ್ಲಿ ಚಪ್ಪಾಳೆ ಬಿದ್ದಿದೆ. ಯಾರೂ ಆ ನೀರನ್ನು ತಮ್ಮ ದೇವರಿಗೆ ಬೇಕೆಂದು ಕೇಳಿರಲಿಲ್ಲ. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಹೂಂ ಎನ್ನಬೇಕೆಂದು ಮನಸ್ಸು ಎಷ್ಟು ಬಯಸುತ್ತಿತ್ತೆಂದರೆ, ನನ್ನ ಮೇಲೆ ನನಗೇ ನಂಬಿಕೆ ಸಾಲದೆ, ಮೋರಿ ನೀರು ಎಂಥದೆಂದು ಮರೆಯದಂತೆ, ದಾರಿಯುದ್ದಕ್ಕೂ ಹರಿಯುವ ವೃಷಭಾವತಿ ಹೊಳೆಯನ್ನು ನೋಡಿಕೊಂಡೇ ಹೋಗೋಣ ಎಂದು ನಿರ್ಧರಿಸಿದೆ.

ಮೊದಲು ಹೋದದ್ದು ರಾಜಾಜಿನಗರಕ್ಕೆ. ಆಟೋದವರು ಮೀಟರ್ ಮೇಲೆ ಮೂವತ್ತು ಕೇಳಿದರು, ಕೊಟ್ಟೆ. ಕೈಗಾರಿಕಾ ಬಡಾವಣೆಯ ಹಿಂದೆ ರಾಜಕಾಲುವೆ ಹರಿಯುತ್ತದೆ. ಅದು ಮಾಗಡಿ ರಸ್ತೆ ದಾಟಿ, ಹಲವು ಕವಲುಗಳನ್ನು ಕೂಡಿಸಿಕೊಂಡು, ಮೈಸೂರು ರಸ್ತೆಯ ಕಣಿವೆಗೆ ಇಳಿದರೆ ಅದೇ ವೃಷಭಾವತಿ. ನಾನು ಬೆಳೆದದ್ದು ಈ ಕಾಲುವೆಗೆ ಬೆನ್ನು ಹಾಕಿದ್ದ ಒಂದು ವಠಾರದಲ್ಲಿ. ಅಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಆಗ ಸುತ್ತ ಪ್ಲೇಟಿಂಗ್ ಅಂಗಡಿಗಳು, ಬಟ್ಟೆಗೆ ಬಣ್ಣ ಹಾಕುವವರು ಇದ್ದರು. ಇವತ್ತು ಮೋರಿ ಯಾವ ಬಣ್ಣ ಎಂದು ನಾವು ಹುಡುಗಿಯರು ಶಾಲೆಗೆ ಹೋಗುವಾಗ ಪಂದ್ಯ ಕಟ್ಟುತ್ತಿದ್ದೆವು. ಹಳದಿ ಎಂದವಳು ಹೆಚ್ಚಾಗಿ ಗೆಲ್ಲುತ್ತಿದ್ದಳು. ಆ ಹಳದಿ ಕ್ರೋಮಿಯಂ ಎಂಬ ಲೋಹದ್ದು ಎಂದು ನನಗೆ ತಿಳಿದದ್ದು ಎಂಎಸ್ಸಿಗೆ ಸೇರಿದ ಮೇಲೆ. ತಿಳಿದ ದಿನ ನನಗೆ ಬಂದದ್ದು ಕೋಪ. ಆ ಕೋಪವೇ ನನ್ನನ್ನು ಪಿಎಚ್‌ಡಿ ಮುಗಿಸುವವರೆಗೆ ಎಳೆದುಕೊಂಡು ಹೋಯಿತು ಎಂದರೆ ತಪ್ಪಲ್ಲ.

ಈಗ ಕಾಲುವೆಯ ಎರಡೂ ಬದಿಗೆ ಎತ್ತರದ ಕಾಂಕ್ರೀಟ್ ಗೋಡೆ, ಮೇಲೆ ತಂತಿಬಲೆ. ಬಲೆ ಹರಿದಿದ್ದ ಕಡೆಯಿಂದ ಹಗ್ಗ ಬಿಟ್ಟು ಕ್ಯಾನು ಇಳಿಸಿದೆ. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ಗಾಡಿ ನಿಲ್ಲಿಸಿದ.

"ಏನ್ ಆಂಟಿ, ಮೊಬೈಲ್ ಬಿದ್ದೋಯ್ತಾ?"

"ಇಲ್ಲಪ್ಪ, ನೀರು ತಗೊಳ್ತಾ ಇದೀನಿ."

"ಈ ನೀರ್ನಾ?" ಎಂದು ಅವನು ಹೆಲ್ಮೆಟ್ ತೆಗೆದು ಒಮ್ಮೆ ಕಾಲುವೆಯನ್ನೂ ಒಮ್ಮೆ ನನ್ನನ್ನೂ ನೋಡಿದ. ಹೆಲ್ಮೆಟ್ ಹಾಕಿಕೊಂಡು ಹೋದ.

ನೀರನ್ನು ಗಾಜಿನ ಬಾಟಲಿಗೆ ತುಂಬಿ ಎರಡೂ ರಾಸಾಯನಿಕಗಳ ಹನಿ ಬಿಟ್ಟು ಬಿರಡೆ ಹಾಕಿದೆ. ಇದು ನಮ್ಮ ವೃತ್ತಿಯ ಅತಿ ಹಳೆಯ ಪರೀಕ್ಷೆಗಳಲ್ಲೊಂದು. ನೀರಿನಲ್ಲಿ ಪ್ರಾಣವಾಯು ಕರಗಿದ್ದರೆ ಕಂದು ಬಣ್ಣದ ಗಸಿ ಮೂಡುತ್ತದೆ, ಇಲ್ಲದಿದ್ದರೆ ಬಿಳಿ. ಕಂದು ಎಂದರೆ ಮೀನು ಉಸಿರಾಡಬಹುದು. ಬಿಳಿ ಎಂದರೆ ಆ ನೀರು ಸತ್ತಿದೆ. ಬಾಟಲಿಯಲ್ಲಿ ಒಡೆದ ಮಜ್ಜಿಗೆಯ ಹಾಗೆ ಬಿಳಿ ಗಸಿ ನಿಂತಿತು. ಕೊನೆಯಲ್ಲಿ ಊರಿನವರಿಗೆ ಎರಡನ್ನೂ ಅಕ್ಕಪಕ್ಕ ತೋರಿಸಬೇಕೆಂದು ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟೆ.

ಅಲ್ಲಿಂದ ಬಸ್ಸು ಹತ್ತಿ, ಗೋವಿಂದರಾಜನಗರ ದಾಟಿ ವಿಜಯನಗರಕ್ಕೆ ಬಂದಾಗ ಬಿಸಿಲು ಏರುತ್ತಿತ್ತು. ಮಾರುಕಟ್ಟೆಯ ರಸ್ತೆಯಲ್ಲಿ ಅವರೆಕಾಯಿ ಗುಡ್ಡೆ ಹಾಕಿದ್ದರು; ಸೊಗಡಿನ ವಾಸನೆ ಮೂಗಿಗೆ ಬಡಿಯಿತು. ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದುಕೊಂಡು ದರ್ಶಿನಿಯಲ್ಲಿ ನಿಂತೇ ಇಡ್ಲಿ ವಡೆ ತಿಂದೆ, ಅರ್ಧ ಲೋಟ ಕಾಫಿ ಕುಡಿದೆ. ಆಮೇಲೆ ಮೆಟ್ರೋ ಮೆಟ್ಟಿಲು ಹತ್ತಿದೆ. ಯಂತ್ರದೊಳಗೆ ಹೋದ ಪೆಟ್ಟಿಗೆಯನ್ನು ಭದ್ರತೆಯ ಹುಡುಗಿ ಪಕ್ಕಕ್ಕೆ ತೆಗೆಸಿದಳು. ಬಿಳಿ ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಇದೇನ್ ಮೇಡಂ, ಮಜ್ಜಿಗೆನಾ?"

"ಅಲ್ಲಮ್ಮ, ಪರೀಕ್ಷೆ ಮಾಡೋ ನೀರು."

"ನೀರಾದ್ರೆ ಒಂದು ಗುಟುಕು ಕುಡಿದು ತೋರ್ಸಿ, ಬಿಡ್ತೀವಿ."

ಬಾಟಲಿಯಲ್ಲಿ ನೀರು ಹಿಡಿದು ಬಂದವರಿಗೆಲ್ಲ ಹಾಗೆ ಹೇಳುವುದು ಅವಳಿಗೆ ರೂಢಿ. ನನಗೆ ನಗು ಬಂತು, ಅದರ ಹಿಂದೆಯೇ ಸಂಕಟ. ರಾಜಾಜಿನಗರದ ಕಾಲುವೆಯ ನೀರು, ಅದರ ಮೇಲೆ ಕ್ಷಾರ. ಇದು ಕುಡಿಯುವಂಥದ್ದಲ್ಲ ಎಂದು ವಿವರಿಸಿದೆ. ವಿವರಿಸಿದಷ್ಟೂ ಅವಳ ಮುಖ ಗಟ್ಟಿಯಾಯಿತು. ಹಿರಿಯ ಅಧಿಕಾರಿ ಬಂದು, ನನ್ನ ಹಳೆಯ ಗುರುತಿನ ಚೀಟಿ ನೋಡಿ, ಮರ್ಯಾದೆಯಿಂದಲೇ ವಾಪಸು ಕಳಿಸಿದರು. ಅವರದೇನೂ ತಪ್ಪಿಲ್ಲ. ರಾಸಾಯನಿಕದ ಸೀಸೆ ಹಿಡಿದು ಮೆಟ್ರೋ ಹತ್ತಲು ಹೋದದ್ದು ನನ್ನ ಬುದ್ಧಿಗೇಡು. ಜೀಪಿನಲ್ಲಿ ಓಡಾಡಿ ರೂಢಿಯಾದವರಿಗೆ ಇಂಥವು ನೆನಪಿಗೆ ಬರುವುದಿಲ್ಲ.

ಕೆಳಗಿಳಿದು ಕೆಂಗೇರಿ ಬಸ್ಸು ಹಿಡಿದೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಶೂನ್ಯದ ಟಿಕೆಟ್ ಹರಿದುಕೊಟ್ಟರು. ಪಕ್ಕದಲ್ಲಿ ಗಾರ್ಮೆಂಟ್ಸ್ ಕೆಲಸದ ಹೆಂಗಸು, ಮಡಿಲಲ್ಲಿ ಟಿಫನ್ ಕ್ಯಾರಿಯರ್. ಸುಂಕದಕಟ್ಟೆಯವಳಂತೆ, ನಾದಿನಿಯ ಮಗುವಿನ ನಾಮಕರಣಕ್ಕೆ ಕೆಂಗೇರಿಗೆ ಹೊರಟಿದ್ದಳು. ನಾಯಂಡಹಳ್ಳಿ ಹತ್ತಿರ ಬಂದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇಲ್ಲಿಗೆ ಬಂದ್ರೆ ಕಣ್ಮುಚ್ಕೊಂಡಿದ್ರೂ ಸ್ಟಾಪ್ ಗೊತ್ತಾಗ್ಬಿಡುತ್ತೆ ಆಂಟಿ."

"ಇದು ಹೊಳೆ ಅಂತ ಗೊತ್ತಾ ನಿಮ್ಗೆ?"

"ಹೊಳೆನಾ? ಮೋರಿ ಅಲ್ವಾ?" ಎಂದು ಕಿಟಕಿಯಿಂದ ಬಗ್ಗಿ ನೋಡಿದಳು. ಸೇತುವೆಯ ಕೆಳಗೆ ನೊರೆ ಸೋಪಿನ ಪುಡಿ ಕದಡಿದಂತೆ ಎದ್ದು ನಿಂತಿತ್ತು. "ಹೊಳೆಗೆ ಹೆಸ್ರಿರುತ್ತಲ್ಲ?"

ಹೇಳಿದೆ. ಅವಳು ಹೆಸರನ್ನು ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡು, "ಒಳ್ಳೇ ಹೆಸ್ರು, ಪಾಪ" ಎಂದಳು.

ಮೈಸೂರು ರಸ್ತೆಯ ಈ ಭಾಗದಲ್ಲಿ ಹೊಳೆ, ರಸ್ತೆ, ಮೇಲೆ ಮೆಟ್ರೋ ಹಳಿ ಒಂದಕ್ಕೊಂದು ಅಂಟಿಕೊಂಡಂತೆ ಸಾಗುತ್ತವೆ. ನನ್ನ ನೌಕರಿಯ ಬಹುಪಾಲು ಇಲ್ಲೇ ಕಳೆಯಿತು. ಹೊಳೆಯ ದಂಡೆಯಲ್ಲಿ ಬೆಳೆದ ದಂಟು, ಮೆಂತ್ಯ, ಪಾಲಕ್ ತಂದು ಒಣಗಿಸಿ, ಸುಟ್ಟು, ಬೂದಿಯಲ್ಲಿ ಲೋಹ ಎಷ್ಟಿದೆ ಎಂದು ನೋಡಿದ್ದು ನನ್ನ ಮೊದಲ ದೊಡ್ಡ ಕೆಲಸ. ಫಲಿತಾಂಶ ಹಿಡಿದು ಬೆಳೆಗಾರರ ಸಭೆಗೆ ಹೋಗಿ ಒಂದು ಗಂಟೆ ಮಾತಾಡಿದೆ. ಕೊನೆಗೆ ಒಬ್ಬರು ಎದ್ದು, "ಸರಿ ಕಣಮ್ಮ, ನೀರು ಕೆಟ್ಟಿದ್ದು ನಮ್ಗೂ ಗೊತ್ತು. ಅದನ್ನ ಒಳ್ಳೇದು ಮಾಡೋದು ಗೊತ್ತಾ ನಿಂಗೆ?" ಎಂದು ಕೇಳಿದರು. ಗೊತ್ತಿರಲಿಲ್ಲ. ಮಾರನೆಯ ವರ್ಷವೇ ನಾನು ಅಳೆಯುವ ಕೆಲಸ ಕಡಿಮೆ ಮಾಡಿ ತಿಳಿಗೊಳಿಸುವ ಕೆಲಸಕ್ಕೆ ಇಳಿದೆ.

ಅದರಲ್ಲಿ ಸೋತದ್ದೇ ಹೆಚ್ಚು. ಮೋಟಾರು ಬೇಕಾದ ಘಟಕಗಳು ಕರೆಂಟ್ ಬಿಲ್ಲು ಕಟ್ಟುವವರಿಲ್ಲದೆ ನಿಂತವು. ರಾಸಾಯನಿಕ ಬೇಕಾದವು ಟೆಂಡರ್ ಮುಗಿದ ತಿಂಗಳು ನಿಂತವು. ಉದ್ಘಾಟನೆಗೆ ಬಂದವರು "ಶುದ್ಧ ನೀರು" ಎಂದು ಭಾಷಣ ಮಾಡುವಾಗ ನಾನು ಮೈಕಿನ ಪಕ್ಕದಲ್ಲೇ ಚಡಪಡಿಸುತ್ತಿದ್ದೆ. ಶುದ್ಧ ಎಂಬ ಮಾತನ್ನು ನಾನು ಯಾವ ವರದಿಯಲ್ಲೂ ಬರೆದವಳಲ್ಲ. ನೀರು ಯಾವುದಕ್ಕೆ ಯೋಗ್ಯ ಎಂದಷ್ಟೇ ಬರೆಯುತ್ತೇನೆ: ತೋಟಕ್ಕೆ, ಕೆರೆಗೆ, ಕಾರು ತೊಳೆಯಲು. ಕೊನೆಗೆ ಉಳಿದದ್ದು ಕೆಂಪರಾಜುವಿನ ಊರಿನ ಜೊಂಡಿನ ಹೊಂಡಗಳು. ಅದಕ್ಕೆ ಮೋಟಾರು ಬೇಡ, ಇಳಿಜಾರೇ ಸಾಕು. ಬೇಕಾದದ್ದು ಹುಲ್ಲು ಕೊಯ್ಯುವ ಜನ. ಆ ಊರಿನವರು ಕೊಯ್ಯುತ್ತಾರೆ.

ಕೆಂಗೇರಿ ಬಸ್ ನಿಲ್ದಾಣದಿಂದ ಶೇರ್ ಆಟೋದಲ್ಲಿ ಅರ್ಧ ದಾರಿ, ಉಳಿದದ್ದು ನಡಿಗೆ. ಅಪಾರ್ಟ್‌ಮೆಂಟುಗಳ ನಡುವೆ ಒಂದು ತಿರುವು, ಅಲ್ಲಿಂದ ಇದ್ದಕ್ಕಿದ್ದಂತೆ ಕೆರೆ. ಘಟಕದ ಹೊಂಡಗಳ ಅಂಚಿನಲ್ಲಿ ಕಾಬಾಳೆ ಗಿಡಗಳು ಕೆಂಪಾಗಿ ಹೂಬಿಟ್ಟಿದ್ದವು. ಕೊನೆಯ ಹೊಂಡದಿಂದ ನೀರು ಕಲ್ಲಿನಲ್ಲಿ ಕೊರೆದ ದೋಣಿಯಂಥ ಕಾಲುವೆಯಲ್ಲಿ ಹರಿದು ಕೆರೆಗೆ ಬೀಳುತ್ತಿತ್ತು, ತಳದ ಮರಳು ಕಾಣುವಷ್ಟು ತಿಳಿಯಾಗಿ. ಎಷ್ಟು ಸಲ ನೋಡಿದರೂ ಆ ಜಾಗ ನೋಡಿದಾಗ ನನ್ನ ಎದೆ ತುಂಬುತ್ತದೆ.

ಏರಿಯ ಮೇಲೆ ಹದಿನೈದಿಪ್ಪತ್ತು ಜನ ಸೇರಿದ್ದರು. ಕೆಂಪರಾಜು ಬಿಳಿ ಅಂಗಿ ಹಾಕಿಕೊಂಡು ಮುಂದೆ ಬಂದರು. ಗುಡಿಯ ಜಗಲಿಯ ಮೇಲೆ ಪುಟ್ಟತಾಯಮ್ಮ ಕುಳಿತಿದ್ದರು. ಎಂಬತ್ತು ದಾಟಿದ ಜೀವ. ಮೈ ಬಗ್ಗಿದ್ದರೂ ಕಣ್ಣು ಚುರುಕು. ದೋಣಿಯ ಪಕ್ಕದಲ್ಲಿ ಐದು ಹಿತ್ತಾಳೆ ಬಿಂದಿಗೆಗಳನ್ನು ಬೆಳಗಿ ಸಾಲಾಗಿ ಇಟ್ಟಿದ್ದರು.

"ಬಂದ್ಯಾ ಅವ್ವ. ಬಾ, ಕೂತ್ಕೊ" ಎಂದು ಪುಟ್ಟತಾಯಮ್ಮ ಪಕ್ಕದಲ್ಲಿ ಜಾಗ ಮಾಡಿದರು. "ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಸ ನಾನೇ ಒಂದು ಬಿಂದಿಗೆ ತಲೆ ಮೇಲೆ ಒತ್ತಿದ್ದೆ. ಅದೇ ಕಡೇದು. ಆಮೇಲೆ ಅಳ್ಳದ ನೀರು ಕೆಟ್ಟೋಯ್ತು. ಕ್ಯಾನಿನ ನೀರ್ಗೆ ನಮ್ಮೂರು ಯಾವ್ದು ಅಂತ ಏನ್ ಗೊತ್ತವ್ವ? ಇದು ನಮ್ಮ ನೀರು. ನಮ್ಮಿಂದ್ಲೇ ಕೆಟ್ಟು, ನಿನ್ನ ಕೈಲಿ ಒಳ್ಳೇದಾಗದೆ. ಕಣ್ಮುಚ್ಚೋಕೆ ಮುಂಚೆ ಒಂದ್ಸಲ ಗಂಗಮ್ಮಂಗೆ ಇದನ್ನ ಇಡ್ಬೇಕು."

"ಮೇಡಂ ಮೊದ್ಲು ಟೆಸ್ಟ್ ಮಾಡ್ಲಿ ತಡಿ ದೊಡ್ಡವ್ವ" ಎಂದರು ಕೆಂಪರಾಜು.

ದೋಣಿಯ ನೀರನ್ನು ಗಾಜಿನ ಬಾಟಲಿಗೆ ತುಂಬಿ ಅದೇ ಎರಡು ರಾಸಾಯನಿಕಗಳ ಹನಿ ಬಿಟ್ಟೆ. ಕೂಡಲೇ ದಟ್ಟ ಕಂದು ಬಣ್ಣದ ಗಸಿ ಎದ್ದಿತು. ಇಂಥ ಕಂದು ಬರಲಿ ಎಂದು ನಾನು ಈ ಕಣಿವೆಯಲ್ಲಿ ಎಷ್ಟು ವರ್ಷ ಕಾದಿದ್ದೇನೆ. ಸಂತೋಷದಿಂದ ಎರಡೂ ಬಾಟಲಿಗಳನ್ನು ಎತ್ತಿ ಹಿಡಿದು, "ನೋಡಿ, ಇದು ರಾಜಾಜಿನಗರದ ಮೋರಿ ನೀರು, ಇದು ನಿಮ್ಮೂರಿನದು" ಎಂದೆ.

ಒಬ್ಬ ಹೆಂಗಸು ಮೆಲ್ಲಗೆ, "ಮೋರಿ ನೀರು ಹಾಲಿನಂಗೈತೆ. ನಮ್ದು ಬಗ್ಗಡ ಆಗೋಯ್ತಲ್ಲೇ" ಎಂದಳು.

ನನ್ನ ಕೈ ಎತ್ತಿದಲ್ಲೇ ಉಳಿಯಿತು. ಪ್ರಯೋಗಾಲಯದಲ್ಲಿ ಎಷ್ಟೋ ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ, ಈ ಬಣ್ಣ ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆಂದು ಹೊಳೆದೇ ಇರಲಿಲ್ಲ. ಬಿಳಿ ಎಂದರೆ ಸತ್ತ ನೀರು, ಕಂದು ಎಂದರೆ ಉಸಿರಿರುವ ನೀರು ಎಂದು ಮೂರು ಸಲ ಬಿಡಿಸಿ ಹೇಳಿದೆ. ಕೆಂಪರಾಜು ತಲೆ ಆಡಿಸಿದರು, ಮುಖದಲ್ಲಿ ಅನುಮಾನ ಹಾಗೇ ಇತ್ತು. ಪುಟ್ಟತಾಯಮ್ಮ ಮಾತ್ರ ಬಾಟಲಿಗಳ ಕಡೆ ನೋಡಲೂ ಇಲ್ಲ.

"ಅದೆಲ್ಲ ನಂಗೆ ತಿಳಿಯಾಕಿಲ್ಲ. ಒಂದ್ ಮಾತು ಕೇಳ್ತೀನಿ, ನಿಜ ಏಳು. ಈ ನೀರ್ನ ನೀನು ನಿನ್ನ ಮನೆ ಒಳಕ್ಕೆ ತಗೊಂಡೋಯ್ತೀಯಾ?"

ನನಗೆ ಚಪ್ಪಲಿ ಸ್ಟ್ಯಾಂಡು ಕಣ್ಣಿಗೆ ಕಟ್ಟಿತು. ಉತ್ತರಿಸುವ ಬದಲು, "ಮೀಸಲು ನೀರನ್ನ ಆಮೇಲೆ ಏನು ಮಾಡ್ತೀರಮ್ಮ?" ಎಂದು ನಾನೇ ಕೇಳಿದೆ.

"ಅಭಿಸೇಕ ಮಾಡಿ ತೀರ್ಥ ಕೊಡ್ತಾರೆ. ಎಲ್ರೂ ತಗೊಳ್ತಾರೆ."

"ಮಕ್ಕಳೂ?"

"ಮಕ್ಕಳಿಗೇ ಮೊದ್ಲು."

ಅಲ್ಲಿಗೆ ಎಲ್ಲ ಮುಗಿಯಿತು. ಆ ನೀರಿನಲ್ಲಿ ಮೀನು ಬದುಕುತ್ತದೆ, ಗಿಡ ಬೆಳೆಯುತ್ತದೆ, ಲೋಹ ಮಿತಿಯೊಳಗಿದೆ. ಆದರೆ ಕಣ್ಣಿಗೆ ಕಾಣದ ರೋಗಾಣುಗಳನ್ನು ಜೊಂಡುಹುಲ್ಲು ಪೂರ್ತಿ ಕೊಲ್ಲುವುದಿಲ್ಲ. ಯಾವುದೋ ಒಂದು ಮಗುವಿಗೆ ವಾಂತಿಭೇದಿಯಾದರೆ ಸಾಕು. ಕೆಂಪರಾಜು, "ಕಾಯ್ಸಿ ಆರ್ಸಿದ್ರೆ?" ಎಂದರು. ಅವರೂ ದೊಡ್ಡವ್ವನನ್ನು ನೋಯಿಸಲಾರದೆ ದಾರಿ ಹುಡುಕುತ್ತಿದ್ದಾರೆಂದು ನನಗೆ ಆಗ ತಿಳಿಯಿತು. ಪುಟ್ಟತಾಯಮ್ಮ, "ಕಾಯ್ಸಿದ್ದು ಮೀಸಲಾಗಾಕಿಲ್ಲ ಕಣೋ" ಎಂದರು.

ನಾನು ಹೇಳಿದೆ: "ಇಲ್ಲಮ್ಮ. ಇದನ್ನ ಕುಡಿಯೋ ಹಾಗಿಲ್ಲ. ಒಂದು ಉದ್ಧರಣೆಯಷ್ಟೂ ಬೇಡ."

ನನ್ನ ಜೀವಮಾನದ ಕೆಲಸಕ್ಕೆ ಸಿಗಬಹುದಾಗಿದ್ದ ದೊಡ್ಡ ಮರ್ಯಾದೆಯನ್ನು ನನ್ನ ಬಾಯಿಂದಲೇ ಬೇಡವೆಂದೆ. ಸುತ್ತ ನಿಂತವರಲ್ಲಿ ಕೆಲವರು ಸದ್ಯ ಎಂದು ಉಸಿರು ಬಿಟ್ಟರು. ಪುಟ್ಟತಾಯಮ್ಮ ಕೆರೆಯ ಕಡೆ ಮುಖ ತಿರುಗಿಸಿದರು. ಆ ಮುಖ ನೋಡಲಾಗದೆ ನಾನು ಬಾಟಲಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ.

ಊಟಕ್ಕೆ ಕೆಂಪರಾಜುವಿನ ಮನೆಗೆ ಕರೆದೊಯ್ದರು. ರಾಗಿಮುದ್ದೆ, ಹಿತಕಿದವರೆ ಸಾರು. ಇನ್ನೊಂದು ದಿನವಾಗಿದ್ದರೆ ಎರಡನೆಯ ಮುದ್ದೆ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಪುಟ್ಟತಾಯಮ್ಮ ಊಟಕ್ಕೆ ಬರಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಮೇಡಂ, ಈಗ ಕಾರ್ಪೊರೇಷನ್ ನಲ್ಲೀಲಿ ಕಾವೇರಿ ನೀರು ಬರುತ್ತೆ, ಅದ್ರಲ್ಲೇ ಮಾಡ್ತೀವಿ" ಎಂದು ಕೆಂಪರಾಜು ಸಮಾಧಾನ ಹೇಳಿದರು. ಯಾರಿಗೆ ಯಾರು ಸಮಾಧಾನ ಹೇಳಬೇಕಿತ್ತೋ.

ಊಟವಾದ ಮೇಲೆ ಮತ್ತೆ ಕೆರೆಗೆ ಬಂದು, ಪ್ರಯೋಗಾಲಯದಲ್ಲಿ ಪೂರ್ತಿ ಪರೀಕ್ಷೆ ಮಾಡಿಸಲೆಂದು ದೋಣಿಯ ನೀರನ್ನು ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿದೆ. ಮುಚ್ಚಳ ಒರೆಸಲು ಬಟ್ಟೆ ತೆಗೆಯಲೆಂದು ತೆರೆದ ಬಾಟಲಿಯನ್ನು ಬಿಂದಿಗೆಗಳ ಪಕ್ಕದಲ್ಲಿಟ್ಟು ಪೆಟ್ಟಿಗೆಯತ್ತ ತಿರುಗಿದೆ. ಅಷ್ಟರಲ್ಲಿ ಹೆಂಗಸರು ಇಳಿದು ಬಂದರು, ಮುಂದೆ ಪುಟ್ಟತಾಯಮ್ಮ, ಸೊಸೆಯ ಭುಜ ಹಿಡಿದು. ಕೈಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಮುರಿದ ಬಾಳೆಹಣ್ಣು.

"ವೀಳ್ಯ ನಲ್ಲಿಗಲ್ವಾ ದೊಡ್ಡವ್ವ ಕೊಡೋದು?" ಎಂದು ಕೆಂಪರಾಜು ಕೇಳಿದರು.

"ನಲ್ಲಿಗೂ ಕೊಡಾನ. ಇದಕ್ಕೆ ಮೊದ್ಲು" ಎಂದರು ಪುಟ್ಟತಾಯಮ್ಮ. ಬಗ್ಗಿ ದೋಣಿಯ ಕಲ್ಲಿನ ಮೇಲೆ ಎಲೆ ಅಡಿಕೆ ಇಟ್ಟು, ಬೀಳುವ ನೀರಿಗೆ ಕೈಮುಗಿದರು. ಮನೆಗೆ ಬಂದ ನೆಂಟರೊಡನೆ ಮಾತಾಡುವ ದನಿಯಲ್ಲಿ ಹೇಳಿದರು: "ನಾಳಿಕೆ ಬ್ಯಾಡ ಕಣವ್ವ. ನೀನಿನ್ನೂ ಹುಸಾರಾಗಿಲ್ವಂತೆ, ನಿನ್ನ ಸಾಕ್ದೋಳೇ ಏಳ್ತಾವ್ಳೆ. ವಾಸಿ ಮಾಡ್ಕೊಂಡು ಯಾವತ್ತಾದ್ರೂ ಬಾ. ನಾನು ಇರ್ಲಿ ಬಿಡ್ಲಿ, ಕರೆದಿದೀನಿ."

ನಾನು ಕೆರೆಯ ಕಡೆ ತಿರುಗಿಕೊಂಡು ಅತ್ತುಬಿಟ್ಟೆ. ವಯಸ್ಸಾದ ಮೇಲೆ ಅಳು ಬೇಗ ಬರುತ್ತದೆ, ತಡೆಯಲೂ ಇಲ್ಲ. ಕಣ್ಣೊರೆಸಿಕೊಂಡು ತಿರುಗಿದಾಗ ಸೊಸೆ ಸಾಲಿನಲ್ಲಿದ್ದ ಬಿಂದಿಗೆಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಒಂದೊಂದು ಚಿಟಿಕೆ ಅರಿಶಿನ ಒಳಗೆ ಹಾಕುತ್ತಿದ್ದಳು. ಸಾಲಿನ ಕೊನೆಯಲ್ಲಿ ನನ್ನ ಬಾಟಲಿಯೂ ಇತ್ತು. ಅದಕ್ಕೂ ಕುಂಕುಮವಾಗಿತ್ತು, ಒಳಗೆ ಅರಿಶಿನ ಬಿದ್ದಿತ್ತು. ನೀರು ತೆಳು ಹಳದಿಗೆ ತಿರುಗಿತ್ತು.

"ಅಯ್ಯೋ, ಅದು ನಿಮ್ದಾ ಮೇಡಂ?" ಎಂದು ಅವಳು ನಾಲಿಗೆ ಕಚ್ಚಿಕೊಂಡಳು.

"ಇರ್ಲಿ ಬಿಡಮ್ಮ" ಎಂದು ಮುಚ್ಚಳ ಹಾಕಿದೆ. ಪರೀಕ್ಷೆಗೆ ಅದು ಇನ್ನು ಯಾವ ಕೆಲಸಕ್ಕೂ ಬಾರದು. ಬೇರೆ ಖಾಲಿ ಬಾಟಲಿ ಇರಲಿಲ್ಲ. ಮುಂದಿನ ವಾರ ಮತ್ತೆ ಬರಬೇಕು. ಎಷ್ಟೋ ಮಾದರಿಗಳು ಕೆಟ್ಟಾಗ ವಿದ್ಯಾರ್ಥಿಗಳ ಮೇಲೆ ರೇಗಿದವಳು ನಾನು. ಅವತ್ತು ರೇಗಲು ಮನಸ್ಸಾಗಲಿಲ್ಲ.

ಬೆಳಗಿನ ಪಾಠ ನೆನಪಿತ್ತು. ರಾಸಾಯನಿಕದ ಸೀಸೆಗಳನ್ನೂ ಗಾಜಿನ ಬಾಟಲಿಗಳನ್ನೂ ಘಟಕದ ಕೋಣೆಯಲ್ಲಿ ಬೀಗ ಹಾಕಿಟ್ಟು, ಖಾಲಿ ಪೆಟ್ಟಿಗೆಯಲ್ಲಿ ಆ ಒಂದೇ ಬಾಟಲಿ ಇಟ್ಟುಕೊಂಡೆ. ಕೆಂಪರಾಜು ಸ್ಕೂಟರಿನಲ್ಲಿ ಕೆಂಗೇರಿ ಮೆಟ್ರೋವರೆಗೆ ಬಿಟ್ಟರು. ಅಲ್ಲಿನ ಭದ್ರತೆಯ ಹೆಂಗಸು ಪೆಟ್ಟಿಗೆ ತೆರೆಸಿದಳು. ಬಾಟಲಿ ನೋಡಿದಳು, ಕುಡಿದು ತೋರಿಸಿ ಎನ್ನಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಳು.

"ಯಾವ ದೇವ್ರ ತೀರ್ಥ ಮೇಡಂ?"

"ಗಂಗಮ್ಮನ ಗುಡಿ ಹತ್ರದ್ದು. ಕುಡಿಯೋ ಹಾಗಿಲ್ಲಮ್ಮ."

"ಮುಟ್ಬೋದಲ್ವಾ?"

"ಮುಟ್ಟಬಹುದು" ಎಂದೆ. ಕೈ ತೊಳೆದುಕೋ ಎಂದೂ ಸೇರಿಸಿದೆ, ನನ್ನ ಬಾಯಿ ಸುಮ್ಮನಿರುವುದಿಲ್ಲ.

ರೈಲು ಹೊರಟಾಗ ಸೂರ್ಯ ಇಳಿಯುತ್ತಿದ್ದ. ಜ್ಞಾನಭಾರತಿ ದಾಟಿದ ಮೇಲೆ ಹಳಿಯ ಮೇಲಿಂದ ಹೊಳೆ ಕಾಣಿಸಿತು. ಎತ್ತರದಿಂದ ನೋಡಿದರೆ ವಾಸನೆಯಿಲ್ಲ, ನೊರೆಯೂ ದೂರಕ್ಕೆ ಬೆಳ್ಳಗೆ ಹೊಳೆಯುತ್ತದೆ. ತಿಳಿಯದವರು ಚೆಂದದ ಹೊಳೆ ಎಂದೇ ಅಂದುಕೊಳ್ಳಬೇಕು. ಕಂದು ಬಣ್ಣ ಮೂಡಿಸಿದ ಆ ಘಟಕದ ಅಷ್ಟು ನೀರು ಈ ಹೊಳೆಯ ಲೆಕ್ಕದಲ್ಲಿ ಏನೂ ಅಲ್ಲ. ಅದು ನನಗೆ ಗೊತ್ತು. ಆದರೂ ಒಬ್ಬರು ಅದನ್ನು ವೀಳ್ಯ ಕೊಟ್ಟು ಕರೆದಿದ್ದಾರೆ. ಬರುವ ದಾರಿಯನ್ನು ಯಾರಾದರೂ ಮಾಡಿಕೊಡಲೇಬೇಕು. ನನ್ನ ಕಾಲದಲ್ಲಿ ಆಗುವುದಿಲ್ಲ ಎಂದು ಯೋಚಿಸಿದಾಗ ದುಃಖವಾಯಿತು. ಪುಟ್ಟತಾಯಮ್ಮನಿಗೂ ಅದು ಗೊತ್ತಿದ್ದೇ ಕರೆದರಲ್ಲ ಎಂದು ನೆನೆದು ಸ್ವಲ್ಪ ಹಗುರಾಯಿತು. ವಿಜಯನಗರದಲ್ಲಿ ಇಳಿದು ಆಟೋ ಹಿಡಿದೆ.

ಯಜಮಾನರು ಗೇಟು ತೆಗೆದರು. ಬಕೆಟ್ಟು, ಚೊಂಬು ಆಗಲೇ ಸಿದ್ಧವಾಗಿದ್ದವು. ಪೆಟ್ಟಿಗೆಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಕೈಕಾಲು ತೊಳೆದುಕೊಂಡೆ. ಆಮೇಲೆ ಪೆಟ್ಟಿಗೆ ತೆರೆದು ಬಾಟಲಿಯನ್ನು ಕೈಗೆ ತೆಗೆದುಕೊಂಡು ಮುಂಬಾಗಿಲಿನ ಕಡೆ ನಡೆದೆ.

"ನಾಗೂ, ಅದು ಒಳಗಾ?" ಎಂದರು.

"ಹೂಂ ರೀ."

ಅವರು ಕುಂಕುಮ ನೋಡಿದರು, ಮುಖ ನೋಡಿದರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಡುಮನೆಯಲ್ಲಿ ಮೇಜಿನ ಮುಂದೆ ಕುಳಿತು, ಒಂದು ಚೀಟಿಯ ಮೇಲೆ "ಕುಡಿಯಲು ಯೋಗ್ಯವಲ್ಲ" ಎಂದು ಬರೆದು ಬಾಟಲಿಗೆ ಅಂಟಿಸಿದೆ. ಆಮೇಲೆ ಎದ್ದು ಹೋಗಿ, ಅದನ್ನು ಅತ್ತೆಯ ಫೋಟೋದ ಕೆಳಗೆ ಇಟ್ಟೆ.